ಒಂಚೂರು ಟಚಪ್ ಮಾಡಿಕೊಡೋ

ಕಂಪ್ಯೂಟರ್ ಗೊತ್ತು ಅಂದರೆ ನೆಂಟರು ಹೆಚ್ಚೆಂದರೆ ಪ್ರಿಂಟರ್ ಸರಿ ಮಾಡಿಕೊಡಪ್ಪ ಅಂತಾರೆ. ಫೋಟೋ ಎಡಿಟಿಂಗ್ ಗೊತ್ತು ಅಂದರೆ ಮುಖವನ್ನೇ ಸರಿ ಮಾಡಿಕೊಡು ಅಂತಾರೆ. ದೇವರೇ ಮಾಡಿ ಕೈತೊಳೆದುಕೊಂಡ ಕೆಲಸ ಅದು.

ನಾನು ಈ ವಿದ್ಯೆಗೆ ಕೈ ಹಾಕಿದ್ದು ಚಿಕ್ಕಪ್ಪನ ದೆಸೆಯಿಂದ. ಅವರು ಹೊಸ ಮನೆ ಕಟ್ಟಿಸಿದ್ದರು. ಹಾಲಿನ ಗೋಡೆ ಮೇಲೆ ಅಜ್ಜ ಅಜ್ಜಿಯ ಮದುವೆ ಫೋಟೋವನ್ನು ದೊಡ್ಡದು ಮಾಡಿಸಿ ಹಾಕಬೇಕು ಅಂತ ಆಸೆ. ಸ್ಟುಡಿಯೋದಲ್ಲಿ ಹೇಳಿದ ರೇಟು ಕೇಳಿ, "ಇವನು ಹೇಗೂ ಮೂರು ಹೊತ್ತೂ ಲ್ಯಾಪ್‌ಟಾಪ್ ಮುಂದೆ ಕೂತಿರ್ತಾನೆ" ಅಂತ ನನ್ನ ಕಡೆ ತಿರುಗಿದರು.

ಫೋಟೋ ವಾಟ್ಸಾಪಿನಲ್ಲಿ ಬಂತು. ಹಳೇ ಮನೆಯ ಗೋಡೆಯಿಂದ ಫ್ರೇಮ್ ಇಳಿಸಿರಲಿಲ್ಲ, ಗಾಜು ತೆಗೆದಿರಲಿಲ್ಲ. ನಿಂತಲ್ಲಿಂದಲೇ ಮೊಬೈಲ್ ಎತ್ತಿ ಕ್ಲಿಕ್ ಮಾಡಿದ್ದರು. ಅಜ್ಜನ ಪೇಟದಿಂದ ಅಜ್ಜಿಯ ಭುಜದವರೆಗೆ ಅಡ್ಡಕ್ಕೆ ಒಂದು ಟ್ಯೂಬ್‌ಲೈಟ್. ಅದರ ಕೆಳಗೆ, ಅಜ್ಜನ ಕರಿ ಕೋಟಿನೊಳಗೆ, ಬನಿಯನ್ ತೊಟ್ಟ ಚಿಕ್ಕಪ್ಪ ಎರಡೂ ಕೈ ಮೇಲೆತ್ತಿ ನಿಂತಿದ್ದಾರೆ. ಅವರ ಹಿಂದೆ ಟಿವಿಯಲ್ಲಿ ಕ್ರಿಕೆಟ್ ನಡೆಯುತ್ತಿದೆ. ಸ್ಕೋರ್ ಒಂದು ಓದಲು ಬರಲಿಲ್ಲ, ಅಷ್ಟೇ.

"ಚಿಕ್ಕಪ್ಪ, ಟ್ಯೂಬ್‌ಲೈಟ್ ಬಿದ್ದ ಕಡೆ ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ? ಅದರ ಹಿಂದೆ ನಮ್ಮಪ್ಪ ಇದಾರಲ್ಲೋ. ಬೆಳಕು ತೆಗೆದ್ರೆ ಕಾಣ್ತಾರೆ."

ನಾನು ವಿವರಿಸಲು ಹೋದೆ. ಕಪ್ಪುಬಿಳುಪು ಫೋಟೋದ ಪ್ರತಿ ಚುಕ್ಕಿಗೂ 0ಯಿಂದ 255ರವರೆಗೆ ಒಂದು ಅಂಕಿ ಇರುತ್ತದೆ. 0 ಅಂದರೆ ಕಡುಗಪ್ಪು, 255 ಅಂದರೆ ಅಚ್ಚ ಬಿಳಿ. ಅದರಾಚೆ ಜಾಗ ಇಲ್ಲ. ಬೆಳಕು ಜಾಸ್ತಿಯಾಗಿ ಒಮ್ಮೆ 255 ಮುಟ್ಟಿತು ಅಂದರೆ ಅಲ್ಲಿ ಪೇಟ ಇತ್ತೋ, ಹಣೆ ಇತ್ತೋ ಫೈಲಿಗೆ ಗೊತ್ತಿರುವುದಿಲ್ಲ. ಚಿಕ್ಕಪ್ಪ ಬ್ಯಾಂಕಿನಲ್ಲಿದ್ದವರು. ಅಂಕಿ ಅಂದರೆ ಹೆದರುವವರಲ್ಲ. "ಸರಿ, 255 ಇದ್ರೆ 200 ಮಾಡು" ಅಂದರು. ಮಾಡಿದೆ. ಬಿಳಿ ಟ್ಯೂಬ್‌ಲೈಟ್ ಬೂದಿ ಬಣ್ಣದ ಟ್ಯೂಬ್‌ಲೈಟ್ ಆಯಿತು.

ಕೊನೆಗೆ ಫ್ರೇಮ್ ಬಿಚ್ಚಿಸಿ, ಫೋಟೋವನ್ನೇ ತರಿಸಿಕೊಂಡು 600 ಡಿಪಿಐನಲ್ಲಿ, ಅಂದರೆ ಅಂಗುಲಕ್ಕೆ 600 ಚುಕ್ಕಿಯ ಲೆಕ್ಕದಲ್ಲಿ, ಸ್ಕ್ಯಾನ್ ಮಾಡಿಸಿದೆ. ಪುಣ್ಯಕ್ಕೆ ಗಾಜಿಗೆ ಅಂಟಿರಲಿಲ್ಲ. ಹಳೇ ಫೋಟೋ ಗಾಜಿಗೆ ಅಂಟಿದ್ದರೆ ಎಳೆಯಲು ಹೋಗಬಾರದು, ಮುಖದ ಮೇಲಿನ ಪದರವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡುವುದೇ ವಾಸಿ. ನಮ್ಮ ಫೋಟೋದ ಗತಿ ಅಷ್ಟು ಕೆಟ್ಟಿರಲಿಲ್ಲ. ಅಂಚನ್ನು ಹುಳ ತಿಂದಿತ್ತು, ಮಧ್ಯೆ ಒಂದು ಮಡಿಕೆ, ಮೇಲೆಲ್ಲ ಫಂಗಸ್ಸಿನ ಬಿಳಿ ಚುಕ್ಕಿ.

ಫೋಟೋಶಾಪಿಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಅದಕ್ಕೇ ಗಿಂಪ್ ಹಾಕಿಕೊಂಡೆ. 1995ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಶುರು ಮಾಡಿದ ತಂತ್ರಾಂಶ, ಇವತ್ತಿಗೂ ಪುಕ್ಕಟೆ. ಆದರೆ ಯೂಟ್ಯೂಬಿನಲ್ಲಿ ಪಾಠ ಹೇಳುವ ಮಹಾನುಭಾವರೆಲ್ಲ ಫೋಟೋಶಾಪಿನ ಕಡೆಯವರು. "ಹಾಯ್ ದೋಸ್ತೋ, ಆಲ್ಟ್ ಒತ್ತಿ, ಚರ್ಮ ಚೆನ್ನಾಗಿರೋ ಜಾಗದಲ್ಲಿ ಕ್ಲಿಕ್ ಮಾಡಿ" ಅಂತ ಹಿಂದಿಯಲ್ಲಿ ಹೇಳುತ್ತಾರೆ. ಕ್ಲೋನ್ ಟೂಲಿಗೆ ಎಲ್ಲಿಂದ ನಕಲು ತೆಗೆಯಬೇಕು ಅಂತ ತೋರಿಸಲು ಅಲ್ಲಿ ಆಲ್ಟ್, ಗಿಂಪಿನಲ್ಲಿ ಕಂಟ್ರೋಲ್. ನನ್ನದು ಲಿನಕ್ಸ್ ಲ್ಯಾಪ್‌ಟಾಪ್ ಬೇರೆ. ಅದರಲ್ಲಿ ಆಲ್ಟ್ ಒತ್ತಿ ಎಳೆದರೆ ಇಡೀ ವಿಂಡೋನೇ ಸರಿಯುತ್ತದೆ. ನಾನು ಅಜ್ಜಿಯ ಕೆನ್ನೆಯ ಚುಕ್ಕಿ ಒರೆಸಲು ಹೋದಾಗಲೆಲ್ಲ ಅಜ್ಜ ಅಜ್ಜಿ ಇಬ್ಬರೂ ಪರದೆಯ ಮೂಲೆಗೆ ಹೋಗಿ ನಿಲ್ಲುತ್ತಿದ್ದರು.

ಕೆಲಸ ಮುಗಿಸಿ 'ಸೇವ್' ಒತ್ತಿ ಚಿಕ್ಕಪ್ಪನಿಗೆ ಕಳಿಸಿದರೆ, "ಓಪನ್ನೇ ಆಗ್ತಿಲ್ಲ" ಅಂತ ಫೋನು. ಗಿಂಪಿನಲ್ಲಿ ಸೇವ್ ಅಂದರೆ ಅದರದ್ದೇ ಎಕ್ಸ್‌ಸಿಎಫ್ ಫೈಲ್. ಜೆಪೆಗ್ ಬೇಕಾದರೆ 'ಎಕ್ಸ್‌ಪೋರ್ಟ್' ಒತ್ತಬೇಕು. ಅದನ್ನು ಒತ್ತಿ ವಾಟ್ಸಾಪಿಗೆ ಹಾಕಿದರೆ ವಾಟ್ಸಾಪ್ ಹಿಂಡಿ ಸಣ್ಣದು ಮಾಡಿಬಿಡುತ್ತದೆ, ಡಾಕ್ಯುಮೆಂಟ್ ಅಂತಲೇ ಕಳಿಸಬೇಕು. ಡಾಕ್ಯುಮೆಂಟ್ ಅಂತ ಕಳಿಸಿದರೆ, "ಇದೇನೋ ಡಾಕ್ಯುಮೆಂಟು? ಆಸ್ತಿ ಪೇಪರ್ರಾ?" ಅಂತ ಚಿಕ್ಕಪ್ಪನಿಗೆ ಗಾಬರಿ. ಆಸ್ತಿ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನಗೆ ನಿಜವಾಗಿ ಪಾಠ ಹೇಳಿದವರು ನಮ್ಮ ಬೀದಿಯ ಸ್ಟುಡಿಯೋ ರಾಯರು. ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಉಳಿದಿದೆ. ಕಂಪ್ಯೂಟರ್ ಮುಟ್ಟಿದವರಲ್ಲ. ಪಕ್ಕದಲ್ಲಿ ಕಾಫಿ ಹಿಡಿದು ಕೂತಿದ್ದವರು, ಬೇಕಾದ ಜಾಗವನ್ನಷ್ಟೇ ಬೆಳ್ಳಗೆ ಮಾಡುವ ಡಾಜ್ ಟೂಲಿನ ಪುಟ್ಟ ಚಿತ್ರ ಕಂಡಿದ್ದೇ, "ಅಯ್ಯೋ, ಇದು ನಮ್ದಲ್ವೇನಯ್ಯಾ!" ಅಂದರು. ಕಡ್ಡಿಯ ತುದಿಗೆ ಒಂದು ದುಂಡು ಬಿಲ್ಲೆ. ಡಾರ್ಕ್‌ರೂಮಿನಲ್ಲಿ, ನೆಗೆಟಿವನ್ನು ದೊಡ್ಡದು ಮಾಡಿ ಬೀಳಿಸುವ ಎನ್ಲಾರ್ಜರ್ ಯಂತ್ರದ ಬೆಳಕು ಪೇಪರ್ ಮೇಲೆ ಬೀಳುವಾಗ, ತಂತಿಗೆ ರಟ್ಟಿನ ಬಿಲ್ಲೆ ಸಿಕ್ಕಿಸಿಕೊಂಡು ಮುಖದ ಮೇಲೆ ಅಡ್ಡ ಹಿಡಿದು ಆಡಿಸುತ್ತಿದ್ದರಂತೆ. ಬೆಳಕು ಕಮ್ಮಿ ಬಿದ್ದ ಜಾಗ ಪ್ರಿಂಟಿನಲ್ಲಿ ಬೆಳ್ಳಗೆ ಬರುತ್ತದೆ. ಸುಮ್ಮನೆ ಹಿಡಿದರೆ ಬಿಲ್ಲೆಯ ಗೆರೆ ಮೂಡುತ್ತದೆ, ಅದಕ್ಕೇ ಕೈ ಆಡಿಸುತ್ತಿರಬೇಕು. ಬರ್ನ್ ಮಾಡುವುದು ಅದರ ಉಲ್ಟಾ. ಅಂಗೈಯನ್ನು ಅರ್ಧ ಮುಚ್ಚಿ, ಬೆರಳ ಸಂದಿಯಿಂದ ಬೇಕಾದ ಕಡೆಗಷ್ಟೇ ಬೆಳಕು ಬಿಡುವುದು. ಫೋಟೋಶಾಪಿನಲ್ಲಿ ಬರ್ನ್ ಟೂಲಿನ ಚಿತ್ರ ಇವತ್ತಿಗೂ ಅದೇ ಕೈ.

ನೆಗೆಟಿವ್ ಮೇಲೆ ಪೆನ್ಸಿಲಿನಲ್ಲಿ ಸುಕ್ಕು ತೆಗೆಯುತ್ತಿದ್ದುದನ್ನೂ ರಾಯರು ಹೇಳಿದರು. ಮುಖದಲ್ಲಿ ಕಪ್ಪಾಗಿರುವ ಗೆರೆ ನೆಗೆಟಿವಿನಲ್ಲಿ ತೆಳ್ಳಗೆ, ಪಾರದರ್ಶಕವಾಗಿ ಇರುತ್ತದೆ. ಅಲ್ಲಿ ಚೂಪಾದ ಪೆನ್ಸಿಲಿನಿಂದ ಸಣ್ಣಗೆ ತೀಡಿದರೆ ಪ್ರಿಂಟಿನಲ್ಲಿ ಗೆರೆ ಮಂಕಾಗುತ್ತದೆ. "ಪೂರ್ತಿ ತೆಗೀಬಾರದು. ಪೂರ್ತಿ ತೆಗೆದ್ರೆ ಗಿರಾಕಿ, ಇದು ನಾನಲ್ಲ ಅಂತ ಬಾಕಿ ದುಡ್ಡು ಕೊಡ್ತಿರಲಿಲ್ಲ" ಅಂದರು. ನಾನು ನೋಡಿದ ಯಾವ ವಿಡಿಯೋದಲ್ಲೂ ಇಷ್ಟು ಕೆಲಸಕ್ಕೆ ಬರುವ ಮಾತು ಸಿಕ್ಕಿರಲಿಲ್ಲ.

ಆದರೆ ರಾಯರ ಗಿರಾಕಿಗಳೇ ಬೇರೆ, ನನ್ನ ಗಿರಾಕಿಗಳೇ ಬೇರೆ. ಅಷ್ಟರಲ್ಲಿ ಸುದ್ದಿ ಹರಡಿತ್ತು. ಫೋಟೋಗಳು ಬರತೊಡಗಿದವು. ಕೆಲವರು ಸ್ಟೇಟಸ್ಸಿನ ಸ್ಕ್ರೀನ್‌ಶಾಟ್ ಕಳಿಸಿದರು. ಮೇಲೆ ಬ್ಯಾಟರಿ 12 ಪರ್ಸೆಂಟ್, ಕೆಳಗೆ ರಿಪ್ಲೈ ಬಾಕ್ಸ್, ಮಧ್ಯೆ ಮದುಮಗ. ಗಣೇಶನ ಕಮಿಟಿಯ ಹುಡುಗರು ಫ್ಲೆಕ್ಸಿಗೆ ಅಂತ ಹೆಬ್ಬೆರಳಿನಷ್ಟು ಅಗಲದ ಮುಖಗಳನ್ನು ಕಳಿಸಿ ಹತ್ತಡಿ ಮಾಡು ಅಂದರು. ಅದನ್ನು ಹೇಗೋ ನಿಭಾಯಿಸಬಹುದು. ಫ್ಲೆಕ್ಸನ್ನು ರಸ್ತೆಯ ಆ ಬದಿಯಿಂದ ನೋಡುತ್ತಾರೆ, ಮುಖ ಸ್ವಲ್ಪ ಒಡೆದರೂ ನಡೆಯುತ್ತದೆ. ಅಲ್ಲಿ ಮುಖಕ್ಕಿಂತ ಯಾರ ಮುಖ ಯಾರ ಮೇಲೆ ಅನ್ನುವುದೇ ದೊಡ್ಡ ವಿಷಯ. ಅದಕ್ಕೆ ಗಿಂಪಿನಲ್ಲಿ ಟೂಲಿಲ್ಲ.

ಅತ್ತೆಯದು ಬೇರೆಯೇ ಕಥೆ. "ಜಾಸ್ತಿ ಏನೂ ಬೇಡ್ವೋ, ಒಂಚೂರು ಟಚಪ್ ಮಾಡಿಕೊಡು" ಅಂದರು. ಹೀಲಿಂಗ್ ಟೂಲ್ ಹಿಡಿದು ಕೂತೆ. ಇದು ಕ್ಲೋನಿಗಿಂತ ಜಾಣ. ಪಕ್ಕದ ಚರ್ಮದ ನೆಯ್ಗೆಯನ್ನಷ್ಟೇ ತಂದು, ಆ ಜಾಗದ ಬಣ್ಣಕ್ಕೆ, ಬೆಳಕಿಗೆ ತಾನೇ ಹೊಂದಿಸುತ್ತದೆ. ಫೋಟೋಶಾಪಿಗೆ 2002ರಲ್ಲಿ ಬಂತು, ಗಿಂಪಿಗೆ ಆಮೇಲೆ. ಕಣ್ಣ ಕೆಳಗಿನ ಕಪ್ಪು ಹೋಯಿತು. ಅದು ಹೋದ ಮೇಲೆ ಹಣೆಯ ಗೆರೆ ಎದ್ದು ಕಂಡಿತು. ಹಣೆ ನುಣ್ಣಗಾದ ಮೇಲೆ ಕತ್ತು ಮುಖಕ್ಕಿಂತ ಇಪ್ಪತ್ತು ವರ್ಷ ದೊಡ್ಡದಾಗಿ ಕಂಡಿತು. ಈ ಕೆಲಸದ ಗ್ರಹಚಾರವೇ ಇದು, ನಿಲ್ಲಿಸುವ ಜಾಗ ಕಾಣುವುದಿಲ್ಲ. ಸಾಯಂಕಾಲದ ಹೊತ್ತಿಗೆ ಅತ್ತೆಯ ಮುಖ ಈಗಷ್ಟೇ ಕವರ್ ಬಿಚ್ಚಿದ ಸೋಪಿನ ಬಿಲ್ಲೆ ಆಗಿತ್ತು. ರಾಯರ ಮಾತು ನೆನಪಾಯಿತು. ಪುಣ್ಯಕ್ಕೆ ಎಲ್ಲವನ್ನೂ ಬೇರೆ ಲೇಯರಿನಲ್ಲಿ, ಅಂದರೆ ಮೂಲ ಫೋಟೋ ಮೇಲೆ ಹಾಸಿದ ಇನ್ನೊಂದು ಹಾಳೆಯಂಥದ್ದರಲ್ಲಿ, ಮಾಡಿದ್ದೆ. ಆ ಲೇಯರಿನ ಒಪಾಸಿಟಿಯನ್ನು, ಅಂದರೆ ಅದು ಎಷ್ಟು ಗಾಢವಾಗಿ ಕಾಣಬೇಕು ಅನ್ನುವುದನ್ನು, ಅರ್ಧಕ್ಕೆ ಇಳಿಸಿದೆ. ಸುಕ್ಕು ಅರ್ಧ ವಾಪಸ್ ಬಂತು, ಅತ್ತೆಯೂ ವಾಪಸ್ ಬಂದರು. ಎರಡನ್ನೂ ಕಳಿಸಿದೆ. ಅತ್ತೆ ಡಿಪಿಗೆ ಹಾಕಿಕೊಂಡಿದ್ದು ಸೋಪಿನ ಬಿಲ್ಲೆಯನ್ನೇ.

ಆಮೇಲೆ ನ್ಯೂಜೆರ್ಸಿಯ ಕಸಿನ್. ಚಿಕ್ಕಪ್ಪನ ಗೃಹಪ್ರವೇಶಕ್ಕೆ ಬರಲು ರಜೆ ಸಿಗಲಿಲ್ಲ. "ಗ್ರೂಪ್ ಫೋಟೋದಲ್ಲಿ ಅವನನ್ನೂ ಸೇರಿಸಿಬಿಡು" ಅಂದರು ಚಿಕ್ಕಮ್ಮ. ಇಲ್ಲದವರನ್ನು ಸೇರಿಸುವ ಚಪಲ ಈ ವಿದ್ಯೆಗೆ ಹುಟ್ಟಿನಿಂದಲೇ ಇದೆ ಅನ್ನಿ. ಫೋಟೋಶಾಪ್ ಮಾಡಿದವರು ನೋಲ್ ಸಹೋದರರು. ಅಣ್ಣ ಥಾಮಸ್ 1987ರಲ್ಲಿ ಮಿಶಿಗನ್‌ನಲ್ಲಿ ಪಿಎಚ್‌ಡಿ ಮಾಡುತ್ತಾ ಶುರು ಮಾಡಿದ್ದು, ತಮ್ಮ ಜಾನ್ ಜೊತೆಗೂಡಿದ್ದು, 1990ರ ಫೆಬ್ರವರಿಯಲ್ಲಿ ಮಾರುಕಟ್ಟೆಗೆ ಬಂದಿದ್ದು. ಇದರಲ್ಲಿ ಏನೇನು ಮಾಡಬಹುದು ಅಂತ ಜನರಿಗೆ ತೋರಿಸಲು ಜಾನ್ ಬಳಸಿದ್ದು ಬೋರಾ ಬೋರಾ ದ್ವೀಪದ ಬೀಚಿನಲ್ಲಿ ಕೂತಿದ್ದ ತನ್ನ ಗೆಳತಿಯ ಫೋಟೋ. ಅವಳ ಪಕ್ಕದಲ್ಲೇ ಇನ್ನೊಬ್ಬ ಅವಳನ್ನು ಮಾಡಿ ತೋರಿಸುತ್ತಿದ್ದ. ಆಮೇಲೆ ಮದುವೆಯಾದದ್ದೂ ಅವಳನ್ನೇ. ಅವಳು ಫೋಟೋದಲ್ಲಿ ಬೆನ್ನು ತೋರಿಸಿ ಕೂತಿದ್ದಾಳೆ. ಜಾಣೆ.

ನಮ್ಮ ಕಸಿನ್ ಹಾಗಲ್ಲ, ಎದೆ ಉಬ್ಬಿಸಿ ನಿಂತ ಫೋಟೋ ಕಳಿಸಿದ್ದ. ಕತ್ತರಿಸಿ ತಂದು ಇಟ್ಟೆ. ಗೃಹಪ್ರವೇಶದ ಫೋಟೋದಲ್ಲಿ ಬೆಳಕು ಎಡಗಡೆ ಕಿಟಕಿಯಿಂದ. ಅವನ ಮೇಲೆ ಬಲಗಡೆಯಿಂದ ಬಿಸಿಲು. ಅಡ್ಡಡ್ಡ ತಿರುಗಿಸಿದೆ, ಬೆಳಕು ಸರಿಹೋಯಿತು, ಅವನ ಟೀಶರ್ಟಿನ ಅಕ್ಷರ ಉಲ್ಟಾ ಆಯಿತು. ಅಕ್ಷರ ಒರೆಸಿದೆ. ಆಗ ಕಂಡಿತು ನೋಡಿ, ಎಲ್ಲರೂ ಬರಿಗಾಲಿನಲ್ಲಿ ರಂಗೋಲಿ ಪಕ್ಕ ನಿಂತಿದ್ದಾರೆ, ಇವನೊಬ್ಬ ಹಿಮದಲ್ಲಿ ನಡೆಯುವ ಬೂಟು ಹಾಕಿಕೊಂಡು ಕಳಶದ ಮುಂದೆ. ಚಿಕ್ಕಮ್ಮ ಹೌಹಾರಿದರು. "ಬೂಟು ಬಿಚ್ಚಿಸೋ ಮೊದ್ಲು!" ಬೂಟು ಬಿಚ್ಚಿಸಿದರೆ ಕಾಲು ಎಲ್ಲಿಂದ ತರಲಿ? ಭಾವನ ಕಾಲು ಎರವಲು ತಂದು ನೋಡಿದೆ, ಭಾವ ಒಪ್ಪಲಿಲ್ಲ. ಕೊನೆಗೆ ಹಿಂದಿನ ಸಾಲಿಗೆ ಕಳಿಸಿ ದೊಡ್ಡಮ್ಮನ ರೇಷ್ಮೆ ಸೀರೆಯ ಮರೆಯಲ್ಲಿ ನಿಲ್ಲಿಸಿದೆ. ಮರೆ ಮಾಡಲು ಮಾಸ್ಕ್ ಹಾಕುವಾಗ ಯಾವ ಲೇಯರಿನಲ್ಲಿದ್ದೇನೆ ಅಂತ ನೋಡಿರಲಿಲ್ಲ. ಹಾಗಾಗಿ ಸ್ವಲ್ಪ ಹೊತ್ತು ಕಸಿನ್ ಸುರಕ್ಷಿತವಾಗಿದ್ದ, ದೊಡ್ಡಮ್ಮ ಸೊಂಟದವರೆಗೆ ಮಾಯವಾಗಿದ್ದರು.

ಇಷ್ಟರ ನಡುವೆ ಅಜ್ಜ ಅಜ್ಜಿ ಕಾಯುತ್ತಲೇ ಇದ್ದರು. ಒಂದೊಂದೇ ಚುಕ್ಕಿ ಒರೆಸಿ ಸಾಕಾಗಿ, ಗಿಂಪಿನಲ್ಲಿ 'ಡಿಸ್ಪೆಕಲ್' ಅಂತ ಒಂದು ಫಿಲ್ಟರ್ ಇದೆಯಲ್ಲ, ಅದನ್ನು ಇಡೀ ಫೋಟೋಗೆ ಕೊಟ್ಟೆ. ಸುತ್ತಲಿನದಕ್ಕೆ ಹೊಂದದ ಸಣ್ಣ ಚುಕ್ಕಿಗಳನ್ನು ಹುಡುಕಿ ನುಂಗುವುದು ಅದರ ಕೆಲಸ. ಎಲ್ಲ ಶುಭ್ರ. ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಹೂವು, ನಮಸ್ಕಾರ, ಚಪ್ಪಾಳೆಗಳ ಮಳೆ ಸುರಿಯಿತು. ಆಮೇಲೆ ಅತ್ತೆಯ ವಾಯ್ಸ್ ಮೆಸೇಜು.

"ನಮ್ಮಮ್ಮನ ಮೂಗುಬೊಟ್ಟು ಎಲ್ಲೋ?"

ನೋಡಿದೆ. ಇರಲಿಲ್ಲ. ವಜ್ರಕ್ಕೂ ಫಂಗಸ್ಸಿಗೂ ಡಿಸ್ಪೆಕಲ್ಲಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಎರಡೂ ಬಿಳಿ ಚುಕ್ಕಿಯೇ.

"ಅತ್ತೆ, ಮೂಲ ಸ್ಕ್ಯಾನಿನಲ್ಲಿದೆ, ಹತ್ತು ನಿಮಿಷದಲ್ಲಿ ವಾಪಸ್ ಹಾಕ್ತೀನಿ" ಅಂತ ಬರೆದೆ. ಅಷ್ಟು ಹೊತ್ತಿಗೆ ಮಾತು ನನ್ನ ಕೈ ಮೀರಿ ಹೋಗಿತ್ತು. "ಫೋಟೋದಲ್ಲಿ ಬಿಡು, ನಿಜವಾದ್ದು ಎಲ್ಲಿದೆ?" ಅಂತ ಅತ್ತೆ. "ಏಳು ಹರಳಿನದಲ್ವಾ?" ಅಂತ ಚಿಕ್ಕಪ್ಪ. "ಅಮ್ಮ ಅದನ್ನ ನನಗೆ ಅಂತ ಬಾಯಿಬಿಟ್ಟು ಹೇಳಿದ್ರು" ಅಂತ ಮತ್ತೆ ಅತ್ತೆ. ದೊಡ್ಡಮ್ಮ ಮೆಸೇಜು ಓದಿದ್ದಾರೆ ಅಂತ ನೀಲಿ ಟಿಕ್ ತೋರಿಸುತ್ತಿತ್ತು, ಉತ್ತರ ಇರಲಿಲ್ಲ.

ವಿಷಯ ಬದಲಾಯಿಸೋಣ ಅಂತ ನಾನು ಫೋಟೋಗೆ ಬಣ್ಣ ತುಂಬಿದ್ದನ್ನು ಹಾಕಿದೆ. ಎಐ ಸೀರೆಯನ್ನು ನೀಲಿ ಮಾಡಿತ್ತು. ಕಪ್ಪುಬಿಳುಪಿನಲ್ಲಿ ಕೆಂಪೂ ಹಸಿರೂ ಒಂದೇ ಬೂದಿಯಾಗಿ ಬಂದಿರಬಹುದು, ಅದು ಪಾಪ ಅಂದಾಜಿನ ಮೇಲೆ ಬಳಿಯುತ್ತದೆ. "ಧಾರೆ ಸೀರೆ ನೀಲಿ ಇರುತ್ತೇನೋ? ಅದು ಅರಿಶಿನ ಬಣ್ಣ, ಕೆಂಪಂಚು. ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ" ಅಂದರು ದೊಡ್ಡಪ್ಪ. ಅದು ಅವರ ಅಪ್ಪ ಅಮ್ಮನ ಮದುವೆ. ಅವರು ಹುಟ್ಟಿದ್ದು ಅದಾದ ಮೂರು ವರ್ಷಕ್ಕೆ. ಯಾರೂ ಅದನ್ನು ಎತ್ತಲಿಲ್ಲ, ಎಲ್ಲರ ತಲೆಯಲ್ಲೂ ಮೂಗುಬೊಟ್ಟೇ ಇತ್ತು.

ಮೂಲ ಸ್ಕ್ಯಾನನ್ನು ಕೆಳಗಿನ ಲೇಯರಿನಲ್ಲಿಟ್ಟು, ಮೇಲಿನದಕ್ಕೆ ಮಾಸ್ಕ್ ಹಾಕಿ, ಮೂಗಿನ ಹತ್ತಿರ ಸಣ್ಣ ಬ್ರಶ್ಶಿನಲ್ಲಿ ಕಪ್ಪು ಬಳಿದೆ. ಮಾಸ್ಕಿನಲ್ಲಿ ಕಪ್ಪು ಬಳಿದ ಕಡೆ ಮೇಲಿನ ಲೇಯರ್ ಮರೆಯಾಗಿ ಕೆಳಗಿನದು ಕಾಣುತ್ತದೆ. ಮೂಗುಬೊಟ್ಟು ಪಳಕ್ಕನೆ ಬಂತು. 400 ಪರ್ಸೆಂಟಿಗೆ ದೊಡ್ಡದು ಮಾಡಿ ನೋಡಿದರೆ ಹರಳುಗಳನ್ನು ಎಣಿಸಬಹುದಿತ್ತು. ಎಣಿಸಿದೆ, ಏಳೇ. ಬಾಯಿ ಮುಚ್ಚಿಕೊಂಡು ಗ್ರೂಪಿಗೆ ಹಾಕಿದೆ. ಅತ್ತೆ ಅಷ್ಟು ಭಾಗವನ್ನೇ ಕ್ರಾಪ್ ಮಾಡಿ, ಸುತ್ತ ಕೆಂಪು ಗೆರೆ ಎಳೆದು, ಮತ್ತೆ ಗ್ರೂಪಿಗೆ ಹಾಕಿದರು. ಅವರಿಗೆ ಎಡಿಟಿಂಗ್ ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ರಾತ್ರಿ ಊಟದ ಹೊತ್ತಿಗೆ ದೊಡ್ಡಪ್ಪ ಫೋನ್ ಮಾಡಿದರು. ದನಿ ತಗ್ಗಿಸಿ ಮಾತಾಡುತ್ತಿದ್ದರು, ಪಕ್ಕದಲ್ಲಿ ದೊಡ್ಡಮ್ಮ ಇದ್ದಿರಬೇಕು.

"ಏನಪ್ಪಾ, ಊಟ ಆಯ್ತಾ? ನೋಡು, ಮೊದಲು ಒಂದು ಹಾಕಿದ್ಯಲ್ಲ ಫೋಟೋ, ಮೂಗುಬೊಟ್ಟು ಇಲ್ಲದ್ದು. ಅದೇ ಚೆನ್ನಾಗಿತ್ತು ಕಣೋ. ಪ್ರಿಂಟಿಗೆ ಅದನ್ನೇ ಕೊಟ್ಟುಬಿಡು. ಫ್ರೇಮಿನ ಖರ್ಚು ನಂದು."