ಆಂಟಿಬಾಡಿ ಇಳಿದರೆ ಲಸಿಕೆ ದಂಡವಾಯ್ತಾ?

ದಾವಣಗೆರೆಯ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಆ ಮೆಸೇಜ್ ಮತ್ತೆ ಬಂದಿದೆ. ಕೆಲವು ತಿಂಗಳಲ್ಲಿ ಆಂಟಿಬಾಡಿ (ರೋಗಾಣುವನ್ನು ತಡೆಯಲು ದೇಹ ಮಾಡುವ ಪ್ರೋಟೀನ್) ಇಳಿಯುತ್ತದೆ, ಹಾಗಾಗಿ ಲಸಿಕೆ ದಂಡ ಅನ್ನುವುದು ಅದರ ಸಾರ. ಕಳಿಸಿದವರದು ಕಾಳಜಿಯೇ. ಆಂಟಿಬಾಡಿ ಇಳಿಯುವುದೂ ನಿಜ. ಲಸಿಕೆ ದಂಡ ಅನ್ನುವುದು ಮಾತ್ರ ತಪ್ಪು.

ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಬಿ ಕೋಶ, ಟಿ ಕೋಶ ಅಂತ ಇವೆ. ಆಂಟಿಬಾಡಿ ಬರುವುದು ಬಿ ಕೋಶಗಳ ಕಡೆಯಿಂದ. ಕೋಶದ ಹೊರಗಿರುವ ವೈರಸ್‌ಗೆ ಅಂಟಿಕೊಂಡು ಅದನ್ನು ತಡೆಯುತ್ತದೆ. ವೈರಸ್ ನಮ್ಮ ಕೋಶದೊಳಗೆ ಹೊಕ್ಕ ಮೇಲೆ ಟಿ ಕೋಶಗಳೇ ಬೇಕು. ಒಂದು ಬಗೆಯವು ಸೋಂಕು ತಗುಲಿದ ಕೋಶವನ್ನೇ ಕೊಲ್ಲುತ್ತವೆ. ಇನ್ನೊಂದು ಬಗೆಯವು ಬಿ ಕೋಶಗಳಿಗೆ ನೆರವಾಗುತ್ತವೆ. ಸೋಂಕು ಹೋದ ಮೇಲೂ, ಲಸಿಕೆ ಹಾಕಿಸಿಕೊಂಡ ಮೇಲೂ ಬಿ, ಟಿ ಎರಡರಲ್ಲೂ ಕೆಲವು ಆ ರೋಗಾಣುವನ್ನು ಮತ್ತೆ ಗುರುತಿಸುವ ನೆನಪಿನ ಕೋಶಗಳಾಗಿ ಉಳಿಯುತ್ತವೆ. 2003ರಲ್ಲಿ ಸಾರ್ಸ್ ಎಂಬ ಶ್ವಾಸಕೋಶದ ರೋಗದಿಂದ ಚೇತರಿಸಿಕೊಂಡವರಲ್ಲಿ 17 ವರ್ಷಗಳ ನಂತರವೂ ಆ ವೈರಸ್ಸನ್ನು ಗುರುತಿಸುವ ಟಿ ಕೋಶಗಳು ಸಿಕ್ಕಿವೆ. ಎಂಥಾ ನೆನಪು ಅಲ್ವಾ!

ಹಾಗಂತ ಬೂಸ್ಟರ್ ಬೇಡ ಅಂತಲ್ಲ. ಧನುರ್ವಾಯುವಿನ ವಿಷವನ್ನು ತಡೆಯಲು ಆಂಟಿಬಾಡಿಯೇ ಬೇಕು, ಅದಕ್ಕೇ ಆ ಲಸಿಕೆಯನ್ನು ಮತ್ತೆ ಮತ್ತೆ ಹಾಕುತ್ತಾರೆ.

ಇಂಥ ಮೆಸೇಜ್ ಬಂದಾಗ ದಿನಾಂಕ, ಮೂಲ ಇದೆಯಾ ನೋಡಿ. ಲ್ಯಾಬ್ ರಿಪೋರ್ಟ್ ಜೊತೆಗಿದ್ದರೆ ಅಳೆದಿದ್ದು ಏನು ಅಂತ ಓದಿ. ಬರೀ ಆಂಟಿಬಾಡಿ ಅಂತಿದ್ದರೆ, ಅದರಿಂದ ಟಿ ಕೋಶಗಳ ಬಗ್ಗೆ ಏನೂ ತಿಳಿಯುವುದಿಲ್ಲ. ಅನುಮಾನ ಉಳಿದರೆ ಹತ್ತಿರದ ಆರೋಗ್ಯ ಕೇಂದ್ರದ ಡಾಕ್ಟರನ್ನು ಕೇಳಿ.