ಪರ-ವಿರೋಧ: ರಣಹದ್ದಿಗೆ ಸೇಫ್ ಅಂತ ಗೊತ್ತಾಗೋ ತನಕ ಯಾವ ನೋವಿನ ಇಂಜೆಕ್ಷನ್ನೂ ದನಕ್ಕೆ ಬೇಡವಾ?

ಪರ: ನಿವೃತ್ತ ಪಶುವೈದ್ಯರೊಬ್ಬರು, ರಾಮನಗರ ಕಡೆಯವರು

ಮೊದಲೇ ಒಪ್ಕೊಂಡುಬಿಡ್ತೀನಿ, ಈ ವಿಷಯದಲ್ಲಿ ನನ್ನ ಕೈಯೇನೂ ಚೊಕ್ಕ ಇಲ್ಲ. 1990ರ ದಶಕದಲ್ಲಿ ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಡೈಕ್ಲೋಫೆನಾಕ್ ಅನ್ನೋ ನೋವಿನ ಇಂಜೆಕ್ಷನ್ ಅಂದ್ರೆ ನಮ್ಮ ಬ್ಯಾಗಲ್ಲಿದ್ದ ಬ್ರಹ್ಮಾಸ್ತ್ರ. ಕುಂಟೋ ಎತ್ತು, ಜ್ವರ ಬಂದು ಮೇವು ಬಿಟ್ಟ ಹಸು, ಕರು ಹಾಕಿ ಮೇಲೆ ಏಳದೆ ಮಲಗಿದ ಎಮ್ಮೆ, ಯಾವುದೇ ಆಗ್ಲಿ ಬೆಳಿಗ್ಗೆ ಒಂದು ಚುಚ್ಚಿದ್ರೆ ಸಂಜೆಗೆ ಕಿವಿ ಆಡಿಸ್ಕೊಂಡು ಹುಲ್ಲಿಗೆ ಬಾಯಿ ಹಾಕ್ತಿತ್ತು, ಆ ಮನೆಯವರು ಎಳನೀರು ಕೆತ್ತಿ ಕೊಡೋರು, ಹೊರಡುವಾಗ ಬೈಕಿಗೆ ಒಂದು ಬಾಳೆಗೊನೆ ಕಟ್ಟೋರು. ಹಳ್ಳಿ ಕಡೆ ದನದ ಡಾಕ್ಟ್ರಿಗೆ ಹೆಸರು ಬರೋದು ನೋವು ಇಳಿಸಿದ್ರೆ, ರೋಗ ಏನಿತ್ತು ಅಂತ ಯಾರೂ ಕೇಳಲ್ಲ.

ಆದ್ರೆ ಎಲ್ಲಾ ದನ ಏಳ್ತಿರ್ಲಿಲ್ಲ. ಎರಡನೇ ದಿನವೋ ಮೂರನೇ ದಿನವೋ ಸತ್ತೋಗೋವು. ಆಗೆಲ್ಲ ಜೆಸಿಬಿ ಎಲ್ಲಿತ್ತು, ಎಳ್ಕೊಂಡು ಹೋಗಿ ಊರಾಚೆ ಹಳ್ಳದ ಪಕ್ಕ ಹಾಕೋರು, ಚರ್ಮ ಸುಲಿಯೋರು ಸುಲ್ಕೊಂಡು ಹೋಗೋರು, ಮಿಕ್ಕಿದ್ದು ರಣಹದ್ದಿನ ಪಾಲು. ನಾನು ಹುಡುಗನಾಗಿದ್ದಾಗ ನೋಡಿದ್ದೀನಿ, ಬೆಳಿಗ್ಗೆ ಹಾಕಿದ ಎತ್ತು ಮಧ್ಯಾಹ್ನ ಸ್ಕೂಲಿಂದ ಬರೋಷ್ಟೊತ್ತಿಗೆ ಬರೀ ಮೂಳೆ. ಕೆಲಸಕ್ಕೆ ಸೇರಿ ಹತ್ತು ವರ್ಷಕ್ಕೆ ಅದೇ ಹಳ್ಳದಲ್ಲಿ ಹೆಣ ವಾರಗಟ್ಟಲೆ ಕೊಳೀತಾ ಬಿದ್ದಿರೋದು, ಸುತ್ತ ನಾಯಿ. ಹದ್ದು ಎಲ್ಲಿಗೆ ಹೋದ್ವು ಅಂತ ಊರೋರು ಕೇಳಿದ್ರೆ ಕಾಡು ಕಡೆ ಹೋಗಿರ್ಬೇಕು ಅಂತಿದ್ದೆ. ಡಾಕ್ಟ್ರು ಹೇಳಿದ್ಮೇಲೆ ಮುಗೀತಲ್ಲ, ನಂಬಿದ್ರು.

2004ರಲ್ಲಿ ಲಿಂಡ್ಸೆ ಓಕ್ಸ್ ಅನ್ನೋ ಅಮೆರಿಕದ ಪಶುವೈದ್ಯ ಮತ್ತವರ ತಂಡ ಪಾಕಿಸ್ತಾನದಲ್ಲಿ ಸತ್ತು ಬಿದ್ದಿದ್ದ ಹದ್ದುಗಳನ್ನ ಕೊಯ್ದು ನೋಡಿ ಹೇಳಿದ್ರು, ಇದು ವೈರಸ್ ಅಲ್ಲ, ಕೀಟನಾಶಕ ಅಲ್ಲ, ದನಕ್ಕೆ ಕೊಡೋ ಡೈಕ್ಲೋಫೆನಾಕ್ ಅಂತ. ಔಷಧ ಮೈಯಲ್ಲಿರುವಾಗ್ಲೇ ಸತ್ತ ದನದ ಮಾಂಸ ತಿಂದ ಹದ್ದಿನ ಕಿಡ್ನಿ ನಿಂತೋಗುತ್ತೆ, ಯೂರಿಕ್ ಆಸಿಡ್ ಅನ್ನೋ ಮೈಯ ಕಸ ಹೊರಗೆ ಹೋಗೋ ದಾರಿ ಇಲ್ಲದೆ ಹೃದಯ, ಲಿವರ್ ಮೇಲೆಲ್ಲ ಸುಣ್ಣ ಬಳಿದ ಹಾಗೆ ಕೂರುತ್ತೆ, ಕತ್ತು ಜೋಲು ಹಾಕ್ಕೊಂಡು ಕೂತ ಹಕ್ಕಿ ಎರಡು ಮೂರು ದಿನದಲ್ಲಿ ಕೆಳಗೆ ಬೀಳುತ್ತೆ. ಎಷ್ಟು ಹೆಣದಲ್ಲಿ ಔಷಧ ಇದ್ರೆ ಸಂತಾನ ಅಳಿಯುತ್ತೆ ಅಂತ ಲೆಕ್ಕ ಹಾಕಿದೋರಿದ್ದಾರೆ. 100 ಹೆಣದಲ್ಲಿ ಒಂದೂ ಬೇಡ. ಮುಕ್ಕಾಲು ಪರ್ಸೆಂಟಿಗಿಂತ ಕಮ್ಮಿ ಸಾಕು, ಯಾಕಂದ್ರೆ ಒಂದು ಹೆಣಕ್ಕೆ ಹತ್ತಾರು ಹದ್ದು ಇಳೀತವೆ, ಜೋಡಿ ಇಡೋದು ವರ್ಷಕ್ಕೆ ಒಂದೇ ಮೊಟ್ಟೆ. 1992ರಿಂದ 2007ರ ಒಳಗೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು 1000ಕ್ಕೆ ಒಂದು ಉಳೀತು. ನನ್ನ ಬ್ಯಾಗಿನ ಇಂಜೆಕ್ಷನ್ ಅದರಲ್ಲಿ ಎಷ್ಟನ್ನ ತಿಂತೋ ದೇವರಿಗೇ ಗೊತ್ತು.

ಸರಿ, 2006ರಲ್ಲಿ ದನಕ್ಕೆ ಡೈಕ್ಲೋಫೆನಾಕ್ ಬೇಡ ಅಂತ ಸರ್ಕಾರ ಹೇಳ್ತು. ಆಮೇಲೇನಾಯ್ತು ನೋಡಿ, ನನ್ನ ಹೊಟ್ಟೆ ಉರಿಯೋದು ಇಲ್ಲೇ. ಅಂಗಡೀಲಿ ಅದರ ಜಾಗಕ್ಕೆ ಅಸೆಕ್ಲೋಫೆನಾಕ್ ಬಂತು, ಕೀಟೋಪ್ರೊಫೆನ್ ಬಂತು, ನಿಮೆಸುಲೈಡ್ ಬಂತು. ಅಸೆಕ್ಲೋಫೆನಾಕ್ ದನದ ಮೈಯೊಳಗೆ ಹೋದ ಮೇಲೆ ಡೈಕ್ಲೋಫೆನಾಕೇ ಆಗುತ್ತೆ ಸ್ವಾಮಿ, ವೇಷ ಬದಲಾಯಿಸಿದ ಅದೇ ಕಳ್ಳ. ಅದನ್ನೂ ಕೀಟೋಪ್ರೊಫೆನ್‌ನೂ ಪ್ರಾಣಿಗಳಿಗೆ ಬ್ಯಾನ್ ಮಾಡಿದ್ದು ಯಾವಾಗ, 2023ರ ಜುಲೈನಲ್ಲಿ, ಅಂದ್ರೆ 17 ವರ್ಷ ಬಿಟ್ಟು. ನಿಮೆಸುಲೈಡ್‌ಗೆ 2024ರ ಕೊನೆ ದಿನಗಳು ಬರಬೇಕಾಯ್ತು. ಈ ಮಧ್ಯೆ ಮನುಷ್ಯರಿಗೆ ಅಂತ ಮಾಡಿದ 30 ಎಂಎಲ್ ಡೈಕ್ಲೋಫೆನಾಕ್ ಬಾಟ್ಲಿ ದನಕ್ಕೇ ಹೋಗ್ತಿತ್ತು, ಮನುಷ್ಯನಿಗೆ ಒಂದು ಸಲಕ್ಕೆ 3 ಎಂಎಲ್ ಸಾಕಾಗಿರುವಾಗ 30 ಯಾಕೆ ಅಂತ ಯಾರಾದ್ರೂ ಕೇಳಬೇಕಿತ್ತಲ್ಲ, 2015ರಲ್ಲಿ ಕೇಳಿದ್ರು, 3 ಎಂಎಲ್ ಮೇಲೆ ಬೇಡ ಅಂದ್ರು, ಕಂಪನಿಯೋರು ಕೋರ್ಟಿಗೆ ಹೋದ್ರು, 2017ರಲ್ಲಿ ಮದ್ರಾಸ್ ಹೈಕೋರ್ಟು ಸರ್ಕಾರ ಮಾಡಿದ್ದೇ ಸರಿ ಅಂತು.

ಪ್ರತಿ ಸಲಾನೂ ಇದೇ ಕಥೆ. ಮೊದಲು ಮಾರ್ತಾರೆ, ಆಮೇಲೆ ಹದ್ದು ಸಾಯುತ್ತೆ, ಆಮೇಲೆ ಯಾರೋ ಪುಣ್ಯಾತ್ಮರು ಅದರ ಕಿಡ್ನಿ ಕೊಯ್ದು ನೋಡ್ತಾರೆ, ಆಮೇಲೆ ಹತ್ತು ವರ್ಷ ಫೈಲ್ ಓಡಾಡುತ್ತೆ. ನಾನು ಕೇಳ್ತಿರೋದು ಇಷ್ಟೇ, ಇದನ್ನ ತಿರುಗಿಸಿ. ಮೊದಲು ಹದ್ದಿನ ಮೇಲೆ ಟೆಸ್ಟ್, ಆಮೇಲೆ ದನಕ್ಕೆ. ಟೆಸ್ಟ್ ಆಗಿಲ್ವಾ, ಬೇಡ. ಫ್ಲುನಿಕ್ಸಿನ್ ಅನ್ನೋ ಇನ್ನೊಂದು ನೋವಿನ ಔಷಧ ಆದ್ರೂ ಅಷ್ಟೆ, ಸ್ಪೇನ್‌ನಲ್ಲಿ ಅದರಿಂದ ಹದ್ದು ಸತ್ತಿದ್ದು ವರದಿ ಆಗಿದೆ, ಇನ್ನೇನು ಬೇಕು.

ಬದಲಿ ಇಲ್ಲ ಅಂತ ಹೇಳೋ ಹಾಗೂ ಇಲ್ಲ. ಮೆಲೋಕ್ಸಿಕಾಂ 2006ರಲ್ಲೇ ಹದ್ದುಗಳ ಮೇಲೆ ಟೆಸ್ಟ್ ಆಗಿ ಪಾಸಾಗಿದೆ. ಟೋಲ್ಫೆನಾಮಿಕ್ ಆಸಿಡ್ ಕೂಡ ಪಾಸಾಗಿದೆ. ಮೆಲೋಕ್ಸಿಕಾಂ ಕೆಲಸ ಮಾಡಲ್ಲ ಸಾರ್ ಅಂತ ನನ್ನ ಹತ್ರ ಹೇಳ್ದೋರು ಲೆಕ್ಕ ಇಲ್ಲ. ಎಷ್ಟು ಹಾಕ್ದೆ ಅಂತ ಕೇಳಿ, ಹತ್ತು ಎಂಎಲ್ ಅಂತಾನೆ. 400 ಕಿಲೋ ಹಸುಗೆ ಕಿಲೋಗೆ ಅರ್ಧ ಮಿಲಿಗ್ರಾಂ ಲೆಕ್ಕ ಹಿಡಿದ್ರೆ 200 ಮಿಲಿಗ್ರಾಂ ಬೇಕು, ಎಂಎಲ್‌ಗೆ 5 ಮಿಲಿಗ್ರಾಂ ಇರೋ ಬಾಟ್ಲಿ ಆದ್ರೆ ಅದು 40 ಎಂಎಲ್ ಆಯ್ತು. ಕಾಲು ಭಾಗ ಹಾಕಿ ಔಷಧನ ಬೈದ್ರೆ? ಸರಿಯಾದ ಡೋಸ್ ಹಾಕಿದ್ರೆ ಒಂದು ಇಂಜೆಕ್ಷನ್ ಒಂದು ದಿನಕ್ಕಿಂತ ಜಾಸ್ತಿ ಹೊತ್ತು ನೋವು ತಡೆಯುತ್ತೆ. ಮೆಡಿಕಲ್ ಶಾಪಲ್ಲಿ ಕೇಳಿದ್ರೆ ಸಿಗುತ್ತೆ. ಸಿಗಲ್ಲ ಅನ್ನೋದು ಕೇಳದೇ ಇರೋರ ಮಾತು.

(ಇದೇ ಜನ ಮನೆ ಬೆಕ್ಕಿಗೆ ಜ್ವರ ಅಂತ ಪ್ಯಾರಾಸಿಟಮಾಲ್ ಅರೆದು ಹಾಕಿ ಸಾಯಿಸಿರ್ತಾರೆ. ಬೆಕ್ಕಿಗೆ ಅದು ವಿಷ ಕಣ್ರೀ. ಒಬ್ಬರಿಗೆ ಮದ್ದಾಗಿದ್ದು ಇನ್ನೊಬ್ಬರಿಗೂ ಮದ್ದೇ ಅಂದ್ಕೊಳ್ಳೋದು ಹಳೇ ಕಾಯಿಲೆ.)

ನಮ್ಮೂರಲ್ಲಿ ಹದ್ದೇ ಇಲ್ವಲ್ಲ, ನಮಗ್ಯಾಕೆ ಈ ಕಟ್ಟುಪಾಡು ಅಂತ ಕೇಳೋರಿದ್ದಾರೆ. ಯಾಕಿಲ್ಲ ಅಂತ ನಿಮ್ಮನ್ನ ನೀವೇ ಕೇಳ್ಕೊಳ್ಳಿ. ದಿನಕ್ಕೆ 100 ಕಿಲೋಮೀಟರ್ ದಾಟಿ ಹಾರೋ ಹಕ್ಕಿಗೆ ನಿಮ್ಮ ತಾಲೂಕಿನ ಗಡಿ ಗೊತ್ತಾಗಲ್ಲ.

ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನ 2012ರಲ್ಲಿ ರಣಹದ್ದು ವನ್ಯಧಾಮ ಮಾಡಿದ್ರು, ದೇಶದಲ್ಲೇ ಮೊದಲನೇದು. ಬಂಡೆಯ ಸಂದಿಲಿ ಗೂಡು ಕಟ್ಟೋ ಉದ್ದಕೊಕ್ಕಿನ ರಣಹದ್ದು ಅಲ್ಲಿ ಇನ್ನೂ ಬೆರಳಲ್ಲಿ ಎಣಿಸೋಷ್ಟು ಇವೆ. ರಿಟೈರ್ ಆದ್ಮೇಲೆ ಭಾನುವಾರ ಬೈನಾಕ್ಯುಲರ್ ಹಿಡ್ಕೊಂಡು ಹೋಗಿ ಕೂತ್ಕೋತೀನಿ. ಬಂಡೆ ಮೇಲೆ ಅವುಗಳ ಹಿಕ್ಕೆ ಬಿದ್ದು ಬೆಳ್ಳಗೆ ಗೆರೆ ಗೆರೆ ಕಾಣುತ್ತೆ, ಅದೂ ಯೂರಿಕ್ ಆಸಿಡೇ, ಹೊರಗೆ ಬಿದ್ದಿದೆ ಅಂದ್ರೆ ಕಿಡ್ನಿ ಕೆಲಸ ಮಾಡ್ತಿದೆ. ನಾನು ಮೊದಲು ನೋಡೋದು ಹಕ್ಕಿನಲ್ಲ, ಆ ಗೆರೆ ಹೊಸದಾ ಹಳೇದಾ ಅಂತ.

ವಿರೋಧ: ನಾಲ್ಕು ಸೀಮೆಹಸು ಸಾಕಿರೋ ರೈತ ಮಹಿಳೆ, ಕೋಲಾರ ಕಡೆಯವರು

ನೀವು ವಿರೋಧ ಬರೀರಿ ಅಂದ್ರು, ಬರೀತಿದ್ದೀನಿ. ಹದ್ದು ಸಾಯ್ಲಿ ಅಂತ ಯಾರಿಗಿರುತ್ತೆ, ನನಗೂ ಇಲ್ಲ. ಡೈಕ್ಲೋಫೆನಾಕ್ ನಿಲ್ಲಿಸಿದ್ದು ಒಳ್ಳೇದೇ, ಅದರ ಬಗ್ಗೆ ನನ್ನದು ತಕರಾರಿಲ್ಲ. ಆದ್ರೆ ಡಾಕ್ಟ್ರು ಬರೆದಿದ್ದು ಓದಿದ್ರೆ ಇನ್ಮೇಲೆ ನನ್ನ ಹಸುಗೆ ಜ್ವರ ಬಂದಾಗ ಮೊದಲು ರಾಮನಗರಕ್ಕೆ ಹೋಗಿ ಬೆಟ್ಟ ಹತ್ತಿ ಹದ್ದಪ್ಪಾ ಹದ್ದಪ್ಪಾ ಈ ಇಂಜೆಕ್ಷನ್ ನಿಂಗೆ ಆಗುತ್ತಾ ಅಂತ ಕೇಳ್ಕೊಂಡು ಬಂದು ಆಮೇಲೆ ಚುಚ್ಚಿಸಬೇಕು ಅಂತ ಕಾಣುತ್ತೆ.

ನನ್ನದು ಮುಖ್ಯವಾಗಿ ಒಂದೇ ಮಾತು, ನಮ್ಮ ಕಡೆ ಸತ್ತ ದನ ಹದ್ದಿಗೆ ಸಿಗೋದೇ ಇಲ್ಲ. ಜೆಸಿಬಿ ಕರೆಸಿ ಗುಂಡಿ ತೆಗೆಸಿ ಉಪ್ಪು ಸುಣ್ಣ ಹಾಕಿ ಮುಚ್ತೀವಿ, ಅದಕ್ಕೂ ದುಡ್ಡು ನಮ್ಮದೇ. ಮಣ್ಣೊಳಗಿರೋ ಹಸುನ ಹದ್ದು ಬಂದು ಅಗೆದು ತಿನ್ನುತ್ತಾ? ಯಾಕಿಲ್ಲ ಅಂತ ಕೇಳ್ಕೊಳ್ಳಿ ಅಂತಾರೆ ಡಾಕ್ಟ್ರು, ಕೇಳ್ಕೊಂಡೆ, ಆದ್ರೆ ನಾನು ಕೇಳಿದ್ದಕ್ಕೆ ಅದು ಉತ್ತರ ಅಲ್ವಲ್ಲ. ಹದ್ದಿರೋ ಕಡೆ ಒಂದು ರೂಲ್ಸು, ಹೂಳೋ ಕಡೆ ಒಂದು ರೂಲ್ಸು ಮಾಡಿದ್ರೆ ಏನ್ ಕಷ್ಟ.

ಮೆಡಿಕಲ್ ಶಾಪಲ್ಲಿ ಕೇಳಿದ್ರೆ ಸಿಗುತ್ತೆ ಅಂತ ಬರೆದಿದ್ದಾರಲ್ಲ, ಅದಕ್ಕೆ ನಮ್ಮ ಚುಕ್ಕಿ ವಿಷಯ ಹೇಳ್ತೀನಿ. 2022ರ ಮಳೆಗಾಲ, ಭಾನುವಾರ ರಾತ್ರಿ. ಬೆಳಿಗ್ಗೆ ಒಂಬತ್ತು ಲೀಟ್ರು ಕರೆದ ಹಸು, ಸಂಜೆ ಎರಡು ಲೀಟ್ರೂ ಇಲ್ಲ. ಮೈ ಕೆಂಡ. ಬಾಯಲ್ಲಿ ಜೊಲ್ಲು, ಮೊದಲು ಮುಂಗಾಲು ಕುಂಟ್ತು, ಆಮೇಲೆ ಹಿಂಗಾಲು, ಎಂಟು ಗಂಟೆಗೆ ಮಲಗಿಬಿಡ್ತು. ಐದು ತಿಂಗಳ ಗಬ್ಬ ಬೇರೆ. ನಮ್ಮತ್ತೆ ನೋಡಿ ಮೂರು ದಿನದ ಜ್ವರ ಅಂದ್ರು. ನಮ್ಮೂರ ಕಡೆ ಡಾಕ್ಟ್ರಿಗೆ ಫೋನ್ ಮಾಡಿದ್ರೆ ಅವರು ಇನ್ನೊಂದೂರಲ್ಲಿ ಕರು ಅಡ್ಡ ನಿಂತಿರೋ ಎಮ್ಮೆ ಹತ್ರ ಇದ್ರು, ಪಾಪ ಅವರದೂ ತಪ್ಪಿಲ್ಲ, ಒಬ್ಬರೇ ಎಷ್ಟೂರು ನೋಡ್ತಾರೆ, ಫೋನಲ್ಲೇ ಹೇಳಿದ್ರು ಮೆಲೋಕ್ಸಿಕಾಂ ತಂದು ಹಾಕ್ಸಿ, ಬೆಳಿಗ್ಗೆ ಬರ್ತೀನಿ ಅಂತ. ನಮ್ಮ ಯಜಮಾನ್ರು ಮಳೇಲಿ ಬೈಕ್ ತಗೊಂಡು 11 ಕಿಲೋಮೀಟರ್ ಹೋದ್ರು. ಇದ್ದಿದ್ದೊಂದೇ ಅಂಗಡಿ, ಅದೂ ಶಟರ್ ಅರ್ಧ ಇಳಿಸಿದ್ದ. ಅದು ಖಾಲಿ ಆಗಿದೆ, ಚರ್ಮಗಂಟು ರೋಗದ ಗಲಾಟೆಲಿ ಎಲ್ಲಾ ಹೋಯ್ತು, ಇದು ತಗೊಂಡೋಗಿ ಇದೂ ಅದೇ ಕೆಲಸ ಮಾಡುತ್ತೆ ಅಂತ ಒಂದು ಬಾಟ್ಲಿ ಕೊಟ್ಟ. ನಮ್ಮೂರಲ್ಲಿ ಇಂಜೆಕ್ಷನ್ ಹಾಕೋ ಹುಡುಗನ್ನ ಎಬ್ಬಿಸ್ಕೊಂಡು ಬಂದು ಹಾಕ್ಸಿದ್ವಿ. ಅದು ಕೀಟೋಪ್ರೊಫೆನ್ ಅಂತ ನನಗೆ ಗೊತ್ತಾಗಿದ್ದು ಬೆಳಿಗ್ಗೆ ಡಾಕ್ಟ್ರು ಬಾಟ್ಲಿ ನೋಡಿದಾಗ. ಆಗಿನ್ನೂ ಅದು ಬ್ಯಾನ್ ಆಗಿರಲಿಲ್ಲ.

ರಾತ್ರಿಯೆಲ್ಲ ನಾನೂ ಅತ್ತೆನೂ ಕೊಟ್ಟಿಗೇಲೇ. ಒಂದೇ ಮಗ್ಗುಲಲ್ಲಿ ಬಿಟ್ರೆ ಕಾಲು ಸತ್ತೋಗುತ್ತೆ ಅಂತ ಗೋಣಿಚೀಲಕ್ಕೆ ಹುಲ್ಲು ತುಂಬಿ ಒರಗಿಸಿ ಎರಡು ಗಂಟೆಗೊಂದು ಸಲ ಮಗ್ಗುಲು ಹೊರಳಿಸಿದ್ವಿ, 400 ಕಿಲೋ ಇಬ್ಬರು ಹೆಂಗಸರು ಹೊರಳಿಸೋದು ಅಂದ್ರೆ ಮಾರನೇ ದಿನ ನಮಗೇ ಯಾರಾದ್ರೂ ಇಂಜೆಕ್ಷನ್ ಹಾಕಬೇಕಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಕಿವಿ ತಣ್ಣಗಾಯ್ತು. ಐದೂವರೆಗೆ ಮುಂಗಾಲು ಊರಿ ಎರಡು ಸಲ ಬಿದ್ದು ಮೂರನೇ ಸಲಕ್ಕೆ ಎದ್ದು ನಿಂತ್ಲು. ನಾನು ಅತ್ತುಬಿಟ್ಟೆ. ಅತ್ತೆ ಮಾತ್ರ ಮೂರು ದಿನದ ಜ್ವರ ಮೂರು ದಿನಕ್ಕೆ ಅದೇ ಹೋಗ್ತಿತ್ತು, ಸುಮ್ನೆ ದುಡ್ಡು ದಂಡ ಅಂದ್ರು. ಇರಬಹುದು. ಆದ್ರೆ ಆ ರಾತ್ರಿ ಅದು ಗೊರಗೊರ ಅಂತ ಉಸಿರೆಳೀತಿದ್ದಾಗ ಮೂರು ದಿನ ಕಾಯೋ ಧೈರ್ಯ ನನಗಿರಲಿಲ್ಲ. ನೋವು ಹಸುದು, ಕೇಳಿಸ್ಕೊಂಡು ಕೂರೋದು ನಾವು. ಹಾಲು ಪೂರ್ತಿ ವಾಪಸ್ ಬರಲಿಲ್ಲ, ಏಳು ಲೀಟ್ರಿಗೆ ನಿಂತ್ಕೊಂತು, ಕರು ಮಾತ್ರ ಉಳೀತು. ಹೆಣ್ಣುಗರು.

ಏನ್ ಹೇಳೋಕೆ ಹೋಗಿದ್ದೆ ಮರ್ತೋಯ್ತು. ಹಾಂ, ಬ್ಯಾನು. ಕೆಚ್ಚಲು ಬಾವು ಜೋರಾಗಿ ಹಸು ಮೈಯೆಲ್ಲ ನಂಜಾದಾಗ ಫ್ಲುನಿಕ್ಸಿನ್ ಚೆನ್ನಾಗಿ ಹಿಡಿಯುತ್ತೆ ಅಂತ ನಮ್ಮ ಡಾಕ್ಟ್ರೇ ಹೇಳ್ತಾರೆ, ಅದೂ ಬೇಡ ಅಂದ್ರೆ ಅವರ ಬ್ಯಾಗಲ್ಲಿ ಇನ್ನೇನು ಉಳೀತು. ಟೆಸ್ಟ್ ಆಗೋ ತನಕ ಬೇಡ ಅಂತೀರ, ಟೆಸ್ಟ್ ಮಾಡೋರು ಯಾರು, ಅಲ್ಲಿವರೆಗೆ ಮಲಗಿರೋ ಹಸುಗೆ ಏನ್ ಹೇಳೋದು. ಬ್ಯಾನ್ ಆಗಿದ್ದು ನಮಗೆ ಗೊತ್ತಾಗೋದೂ ಇಲ್ಲ, ಹಾಲು ಹಾಕೋ ಡೇರೀಲಿ ಒಂದು ಬೋರ್ಡ್ ಬರೆದು ಹಾಕಿದ್ರೆ ಆಗಲ್ವಾ, ಫ್ಯಾಟ್ ಎಷ್ಟು ಅಂತ ಬರೀತಾರೆ, ಯಾವ ಇಂಜೆಕ್ಷನ್ ಹಾಕಿಸಬಾರದು ಅಂತ ಬರೆಯಲ್ಲ.

40 ಎಂಎಲ್ ಲೆಕ್ಕ ಮಾತ್ರ ಡಾಕ್ಟ್ರು ಹೇಳಿದ್ದು ಸರಿ ಇರಬಹುದು. ನಮ್ಮ ಹುಡುಗ ಯಾವತ್ತೂ ಹದಿನೈದರ ಮೇಲೆ ಹಾಕಿಲ್ಲ.

ಆವತ್ತಿನ ಬಾಟ್ಲಿ ಇನ್ನೂ ಕೊಟ್ಟಿಗೆ ಗೂಡಲ್ಲಿ ಅರ್ಧ ಇದೆ, ಚೀಟಿ ಮಾಸಿದೆ. ಚರಂಡಿಗೆ ಸುರಿಯೋಕೂ ಭಯ, ಇಟ್ಕೊಳ್ಳೋಕೂ ಭಯ. ರಾಮನಗರದ ಡಾಕ್ಟ್ರು ಈ ಕಡೆ ಬಂದ್ರೆ ತಗೊಂಡು ಹೋಗ್ಲಿ, ಬರುವಾಗ ಎರಡು ಬಾಟ್ಲಿ ಮೆಲೋಕ್ಸಿಕಾಂ ತರ್ಲಿ, ದುಡ್ಡು ನಾನೇ ಕೊಡ್ತೀನಿ.