ಕೋಡ್ ಮುಚ್ಚಿಟ್ರೆ ವೈರಸ್ ಸಾಯುತ್ತಾ ಸಾರ್?

ನಿನ್ನೆ ದಾವಣಗೆರೆಯ ಒಂದು ಕಾಲೇಜಿಗೆ ಕ್ಯಾಮೆರಾ ರಿಪೇರಿಗೆ ಹೋಗಿದ್ದೆ. ಅಲ್ಲೇ ಸೆಮಿನಾರ್ ನಡೀತಿತ್ತು, ಕೆಲಸ ಮುಗಿಸಿ ಹಿಂದಿನ ಬೆಂಚಲ್ಲಿ ಕೂತೆ. ಒಬ್ಬ ಹುಡುಗ ಮಿರಾಯ್ ಅನ್ನೋ ವೈರಸ್ಸಿನ (ನೆಟ್ಟಿಗೆ ಹಾಕಿರೋ ಕ್ಯಾಮೆರಾ, ರೂಟರ್ ಒಳಗೆ ನುಗ್ಗಿ ಅವನ್ನೇ ಬೇರೆಯವರ ಮೇಲೆ ದಾಳಿಗೆ ಬಿಡೋದು) ಸೋರ್ಸ್ ಕೋಡ್, ಅಂದ್ರೆ ಅದರ ಮೂಲ ಪ್ರೋಗ್ರಾಮನ್ನ, ಪ್ರೊಜೆಕ್ಟರಲ್ಲಿ ಹಾಕಿದ್ದೇ ತಡ, ಮುಂದೆ ಕೂತಿದ್ದ ದೊಡ್ಡ ಮೇಷ್ಟ್ರು "ಏಯ್ ಆಫ್ ಮಾಡಪ್ಪ, ಇಂಥವೆಲ್ಲ ತೋರಿಸಿದ್ರೆ ಹುಡುಗರು ಹಾಳಾಗ್ತಾರೆ" ಅಂದುಬಿಟ್ರು. ನಂಗೆ ಮೈ ಉರೀತು.

ಅಲ್ಲ ಕಣ್ರಪ್ಪಾ, ಆ ಸ್ಲೈಡಲ್ಲಿ ಇದ್ದದ್ದಾದ್ರೂ ಏನು? ಒಂದು ಪಾಸ್‌ವರ್ಡ್ ಪಟ್ಟಿ. ಅಡ್ಮಿನ್-ಅಡ್ಮಿನ್, ರೂಟ್-123456, ಹಿಂಗೆ 60ಕ್ಕೂ ಹೆಚ್ಚು ಜೋಡಿ, ಎಲ್ಲಾ ಕಂಪನಿಯಿಂದ ಬಂದಂಗೇ ಯಾರೂ ಬದಲಾಯಿಸದೆ ಬಿಟ್ಟಿರೋವು. ಡಿವಿಆರ್ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡೋ ಡಬ್ಬಿ), ರೂಟರ್, ಕ್ಯಾಮೆರಾ ಸಿಕ್ಕಿದ್ದಕ್ಕೆಲ್ಲ ಒಂದೊಂದೇ ಹಾಕಿ ನೋಡೋದು, ತೆಗೀತು ಅಂದ್ರೆ ಒಳಗೆ ನುಗ್ಗೋದು. ಅದೇ ಕಾಲೇಜಿನ ಡಿವಿಆರ್‌ಗೆ ಅರ್ಧ ಗಂಟೆ ಮುಂಚೆ ನಾನು ಯಾವ ಪಾಸ್‌ವರ್ಡ್ ಹಾಕಿ ಲಾಗಿನ್ ಆದೆ ಅಂತ ಇಲ್ಲಿ ಬರೆಯಲ್ಲ, ಆದ್ರೆ ಆ ಪಟ್ಟೀಲಿ ಅದೂ ಐತೆ. (ಅದನ್ನ ಫಿಟ್ ಮಾಡಿದ್ದು ನಾನಲ್ಲ, ಮೊದ್ಲೇ ಹೇಳ್ಬಿಡ್ತೀನಿ.) ಹುಡುಗನ ಸ್ಲೈಡ್ ಮಾತ್ರ ಡೇಂಜರ್ರು!

ನಾನು ಬಿಕಾಂ ಮಾಡಿ ಅಂಗಡಿ ಹಾಕ್ದವ್ನು, ನಿಮಗೆ ಗೊತ್ತಲ್ಲ. ಆ ಸಿ ಕೋಡಲ್ಲಿ ಮುಕ್ಕಾಲು ಪಾಲು ನಂಗೆ ತಲೆಬುಡ ತಿಳಿಯಲ್ಲ, ನಿಜವಾಗ್ಲೂ. ಆದ್ರೆ ಪಟ್ಟಿ ಓದೋಕೆ ಬರುತ್ತಲ್ಲ? ಅದು ಬಯಲಲ್ಲಿ ಇರೋದಕ್ಕೇ ನಾನು ಮಂಡಿಪೇಟೆ ಅಂಗಡಿಯವರಿಗೆ ತೋರಿಸಿ "ನೋಡಿ ಸಾವ್ಕಾರ್ರೆ, ನಿಮ್ದು ಇಲ್ಲೈತೆ" ಅನ್ನೋಕಾಗೋದು.

ಈ ಜಗಳ ಹಳೇದು. 1988ರ ನವೆಂಬರಲ್ಲಿ ಕಂಪ್ಯೂಟರಿಂದ ಕಂಪ್ಯೂಟರಿಗೆ ತಾನಾಗೇ ಹರಡೋ ಮೋರಿಸ್ ವರ್ಮ್ ಬಂದಾಗ ಅಮೆರಿಕದ ಬರ್ಕ್ಲಿ, ಎಂಐಟಿಯವರು ನಿದ್ದೆಗೆಟ್ಟು ಅದನ್ನ ಬಿಚ್ಚಿ ಓದಿದ್ರು, ಬಿಚ್ಚಿದ ಕೋಡ್ ಎಲ್ರಿಗೂ ಕೊಡಬೇಕಾ ಬೇಡವಾ ಅಂತ ಆಗ್ಲೇ ವಾದ ಶುರುವಾಗಿತ್ತು. ಅದರ ಹೊಟ್ಟೇಲೂ 432 ಪದಗಳ ಪಾಸ್‌ವರ್ಡ್ ಪಟ್ಟಿ ಇತ್ತು ಸ್ವಾಮಿ! 28 ವರ್ಷ ಆದ್ಮೇಲೆ ಮಿರಾಯ್ ಮಾಡಿದ್ದೂ ಅದೇ ಆಟ.

ಈಗ ಕಾಮೆಂಟಲ್ಲಿ ಒಬ್ರು ಬರ್ತೀರಿ, ಗೊತ್ತು. 2016ರ ಸೆಪ್ಟೆಂಬರ್ ಕೊನೆಗೆ ಮಿರಾಯ್ ಕೋಡ್ ಹೊರಗೆ ಬಂದ್ಮೇಲೆ ಕಂಡಕಂಡೋರೆಲ್ಲ ನಕಲು ಮಾಡಿದ್ರು, ಅಕ್ಟೋಬರ್ 21ಕ್ಕೆ ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡೋ ಡೈನ್ ಕಂಪನಿ ಮೇಲೆ ದಾಳಿಯಾಗಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಮಲಗಿದ್ವು ಅಂತ. ಹೌದು, ಮಲಗಿದ್ವು. ಆದ್ರೆ ಕೋಡ್ ಹೊರಗೆ ಬರೋಕೆ ಮುಂಚೇನೇ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಸೈಟ್ ಮೇಲೆ ಇದೇ ಮಿರಾಯ್ ಹಿಡಿದ ಡಬ್ಬಿಗಳಿಂದ ಸೆಕೆಂಡಿಗೆ 600 ಗಿಗಾಬಿಟ್‌ಗೂ ಮೀರಿ ಕಸದ ಟ್ರಾಫಿಕ್ ಸುರಿದಿದ್ರಲ್ಲ, ಆಗ ಯಾವ ಸೆಮಿನಾರಲ್ಲಿ ತೋರಿಸಿದ್ರು? ಕೋಡ್ ಬಿಟ್ಟವನೂ ಅದನ್ನ ಬರೆದ ಕಳ್ಳನೇ, ನಾಳೆ ಪೊಲೀಸ್ರು ಬಂದ್ರೆ "ಇದು ಊರೆಲ್ಲರ ಹತ್ರ ಐತೆ" ಅನ್ನೋಕೆ ಬಿಟ್ಟಿದ್ದು. ಅವನ ಕಳ್ಳ ಬುದ್ಧಿಗೆ ನಮ್ಮ ಹುಡುಗರು ಯಾಕೆ ಕಣ್ಣು ಮುಚ್ಕೋಬೇಕು? ಕೆಡಿಸೋರಿಗೆ ಯಾವತ್ತೋ ಸಿಕ್ಕಾಗೈತೆ, ಸಿಗದೇ ಇರೋದು ಕಾಯೋರಿಗೆ ಮಾತ್ರ.

ಇನ್ನು ನಮ್ಮ ಗಿರಾಕಿಗಳಿಗೆ: ಡಿವಿಆರ್ ರೀಬೂಟ್ ಮಾಡಿದ್ರೆ ಮಿರಾಯ್ ಮೆಮೊರಿಯಿಂದ ಹೋಗುತ್ತೆ, ಹಳೇ ಪಾಸ್‌ವರ್ಡೇ ಇದ್ರೆ ಮತ್ತೆ ವಾಪಸ್ ಬಂದು ಕೂರುತ್ತೆ. ಬದಲಾಯಿಸೋಕೆ ಬರದಿದ್ರೆ ಫೋನ್ ಮಾಡಿ. ಹೊಸ ಪಾಸ್‌ವರ್ಡ್ ಮಾತ್ರ ನಂಗೆ ವಾಟ್ಸಾಪಲ್ಲಿ ಕಳಿಸಬೇಡ್ರಪ್ಪಾ, ಕೈ ಮುಗೀತೀನಿ.